ಸಂಭವಿಸದ ದುರಂತದ ಇತಿಹಾಸ: ಸುರುಗಾ ಕೊಲ್ಲಿಯ ಪ್ರಸಂಗ

ಇತಿಹಾಸವು ನಡೆದುಹೋದ ಸಂಗತಿಗಳ ಶಾಸ್ತ್ರವೆಂದು ನಾವು ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲಿಯೇ ಹೇಳುತ್ತೇವೆ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲುತ್ತದೆ. ಕೂದಲೆಳೆಯ ಅಂತರದಲ್ಲಿ ಉಳಿದು ಮನೆಗೆ ಮರಳಿದವನಿಗೆ ಯಾವ ಕಲ್ಲೂ ಇಲ್ಲ. ಆದರೂ ಸಂಭವಿಸದೆ ತಪ್ಪಿಹೋದ ಘಟನೆಯು ಸಂಭವಿಸಿದುದರಷ್ಟೇ ಬೆಲೆಯುಳ್ಳ ಆಧಾರವಾಗಬಲ್ಲದೆಂಬುದಕ್ಕೆ ಆಧುನಿಕ ವಿಮಾನಯಾನದ ಇತಿಹಾಸವೇ ಸಾಕ್ಷಿ. ಅಂತಹ ಒಂದು ಪ್ರಸಂಗವನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

2001ನೆಯ ಇಸವಿ ಜನವರಿ 31ರ ಅಪರಾಹ್ನ ಜಪಾನ್ ಏರ್‌ಲೈನ್ಸ್ ಸಂಸ್ಥೆಯ ಎರಡು ವಿಮಾನಗಳು ಸುರುಗಾ ಕೊಲ್ಲಿಯ ಪ್ರದೇಶದಲ್ಲಿ ಪರಸ್ಪರ ಸಮೀಪಿಸುತ್ತಿದ್ದವು. ಟೋಕಿಯೋದ ಹನೇಡಾ ನಿಲ್ದಾಣದಿಂದ ನಾಹಾಕ್ಕೆ ಹೊರಟಿದ್ದ 907ನೆಯ ಸಂಖ್ಯೆಯ ಬೋಯಿಂಗ್ 747 ಮೇಲೇರುತ್ತಲಿತ್ತು. ಕೊರಿಯಾದ ಬೂಸಾನಿನಿಂದ ನರೀಟಾ ನಿಲ್ದಾಣದತ್ತ ಬರುತ್ತಿದ್ದ 958ನೆಯ ಸಂಖ್ಯೆಯ ಡಿಸಿ-10 ವಿಮಾನವು 37,000 ಅಡಿಗಳ ಎತ್ತರದಲ್ಲಿತ್ತು. ಎರಡರಲ್ಲಿಯೂ ಕೂಡಿ 677 ಜನರಿದ್ದರು. ನೆಲದ ಮೇಲೆ ನಿಯಂತ್ರಣದ ಕೆಲಸದಲ್ಲಿದ್ದವರು ಓರ್ವ ತರಬೇತಿಯ ನಿಯಂತ್ರಕ ಹಾಗೂ ಅವರ ಮೇಲ್ವಿಚಾರಕರು. ನರೀಟಾದ ವಿಮಾನವನ್ನು 35,000 ಅಡಿಗಳಿಗೆ ಇಳಿಸಿ, ಇನ್ನೊಂದನ್ನು ಅದರ ಮೇಲೆ ಹಾಯಿಸುವುದು ತರಬೇತಿಯವರ ಎಣಿಕೆಯಾಗಿತ್ತು. ಆದರೆ ಬಾಯಿಂದ ಹೊರಟ ಸಂಖ್ಯೆ 958 ಅಲ್ಲ, 907. ಇಳಿಯಬೇಕಾದುದು ಇಳಿಯದೆ, ಏರಬೇಕಾದುದು ಇಳಿಯತೊಡಗಿತು.

ಎರಡೂ ವಿಮಾನಗಳಲ್ಲಿ ಟಿ.ಸಿ.ಎ.ಎಸ್. ಎಂಬ ಘರ್ಷಣೆ-ನಿವಾರಕ ಯಂತ್ರವಿದ್ದಿತು. ಸಮೀಪದ ವಿಮಾನಗಳ ಯಂತ್ರಗಳು ತಮ್ಮತಮ್ಮೊಳಗೆ ಸಂಕೇತಗಳನ್ನು ವಿನಿಮಯಮಾಡಿಕೊಂಡು, ಒಂದಕ್ಕೆ ಏರೆಂದೂ ಮತ್ತೊಂದಕ್ಕೆ ಇಳಿಯೆಂದೂ ಆದೇಶಿಸುವುದು ಇದರ ಕ್ರಮ. ಯಂತ್ರವು 907ಕ್ಕೆ ಏರಲು ಹೇಳಿತು. 958ಕ್ಕೆ ಇಳಿಯಲು ಹೇಳಿತು. 958 ಯಂತ್ರದ ಮಾತನ್ನು ನಡೆಸಿತು. 907ರ ನಾಯಕನಾದರೋ ಆಗಲೇ ಇಳಿಯತೊಡಗಿದ್ದುದರಿಂದಲೂ, ಎದುರಿನ ವಿಮಾನವು ಕಣ್ಣಿಗೆ ಬಿದ್ದಿದ್ದುದರಿಂದಲೂ, ಆ ಎತ್ತರದಲ್ಲಿ ಹಠಾತ್ತನೆ ಮೇಲೇರಲು ಹೊರಟರೆ ವಿಮಾನವು ಆಧಾರ ತಪ್ಪೀತೆಂಬ ಶಂಕೆಯಿಂದಲೂ ನಿಯಂತ್ರಕನ ಮಾತನ್ನೇ ಅನುಸರಿಸಿದನು. ಪ್ರಮಾದವನ್ನು ಅರಿತ ಮೇಲ್ವಿಚಾರಕರು ಮಧ್ಯೆ ಪ್ರವೇಶಿಸಿ "957" ಎಂದು ಕರೆದರು. ಆ ಸಂಖ್ಯೆಯ ವಿಮಾನವು ಅಲ್ಲಿ ಇರಲೇ ಇಲ್ಲ. ಕಡೆಯ ಗಳಿಗೆಯಲ್ಲಿ 907ರ ನಾಯಕನು ಕಣ್ಣಳತೆಯನ್ನೇ ನಂಬಿ ವಿಮಾನವನ್ನು ಕಡಿದಾಗಿ ಕೆಳಕ್ಕೆ ತಿರುಗಿಸಲು, ಎರಡೂ ಸುಮಾರು 135 ಮೀಟರುಗಳ ಅಂತರದಲ್ಲಿ ಪಾರಾದವು. ಪಟ್ಟಿ ಬಿಗಿಯದೆ ಇದ್ದವರು ಆಸನಗಳಿಂದ ಎಸೆಯಲ್ಪಟ್ಟು ನೂರರಷ್ಟು ಜನರಿಗೆ ಗಾಯಗಳಾದವು. ಪ್ರಾಣಹಾನಿಯಾಗಲಿಲ್ಲ.

ಈ ಪ್ರಸಂಗದ ಕಾರಣವೇನು? ಸಂಖ್ಯೆಯನ್ನು ತಪ್ಪಾಗಿ ಉಚ್ಚರಿಸಿದುದು ಸಮೀಪದ ಕಾರಣ. ಆದರೆ ಮನುಷ್ಯನ ಮಾತಿಗೂ ಯಂತ್ರದ ಮಾತಿಗೂ ವಿರೋಧವುಂಟಾದಾಗ ಯಾವುದು ಪ್ರಮಾಣವೆಂಬುದನ್ನು ಅಂದಿನ ಅಂತಾರಾಷ್ಟ್ರೀಯ ನಿಯಮಗಳು ಸಂದೇಹವಿಲ್ಲದಂತೆ ಹೇಳಿರಲಿಲ್ಲವೆಂಬುದೇ ಮೂಲಕಾರಣವೆಂದು ನಮಗೆ ತೋರುತ್ತದೆ. ಮೊದಲನೆಯದು ಒಬ್ಬರ ತಪ್ಪು. ಎರಡನೆಯದು ಯಾರ ಹೆಸರಿಗೂ ಅಂಟದ ತಪ್ಪು.

ಹದಿನೇಳು ತಿಂಗಳು ಕಳೆದವು. 2002ನೆಯ ಇಸವಿ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಪಟ್ಟಣದ ಮೇಲೆ, ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೊರಟಿದ್ದ ಟುಪೊಲೆವ್ 154 ವಿಮಾನವೂ ಒಂದು ಸರಕಿನ ಬೋಯಿಂಗ್ 757 ವಿಮಾನವೂ ಡಿಕ್ಕಿ ಹೊಡೆದು 71 ಜನರು ಮಡಿದರು. ಅವರಲ್ಲಿ ಶಾಲಾಬಾಲಕರೇ ಹಲವರು. ಜ್ಯೂರಿಚ್ ಕೇಂದ್ರದಲ್ಲಿ ಒಬ್ಬನೇ ನಿಯಂತ್ರಕನು ಎರಡು ಸ್ಥಾನಗಳ ಕೆಲಸವನ್ನು ಹೊತ್ತು, ತಡವಾಗಿ ಫ್ರೀಡ್ರಿಶ್‌ಹಾಫೆನ್ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಮತ್ತೊಂದು ವಿಮಾನದಲ್ಲಿ ಮಗ್ನನಾಗಿದ್ದನು. ಆತನು ಟುಪೊಲೆವ್‌ಗೆ ಇಳಿಯೆಂದನು. ಅದರ ಯಂತ್ರವು ಏರೆಂದಿತು. ವೈಮಾನಿಕರು ಮನುಷ್ಯನ ಮಾತನ್ನು ನಡೆಸಿದರು. ಬೋಯಿಂಗ್ ತನ್ನ ಯಂತ್ರದ ಮಾತಿನಂತೆ ಇಳಿಯಿತು. ಸುರುಗಾದಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. 135 ಮೀಟರುಗಳ ಅಂತರವೊಂದು ಮಾತ್ರ ಇರಲಿಲ್ಲ. ಜಪಾನಿನ ತನಿಖಾ ಆಯೋಗದ ವರದಿಯು ಪ್ರಕಟವಾದುದು ಅದೇ ಜುಲೈ ತಿಂಗಳಿನಲ್ಲಿ, ಈ ದುರಂತವು ನಡೆದ ಮೇಲೆ. ಯಂತ್ರದ ಆದೇಶವನ್ನೇ ವೈಮಾನಿಕನು ಪಾಲಿಸತಕ್ಕದ್ದೆಂದು ಅಂತಾರಾಷ್ಟ್ರೀಯ ನಿಯಮವು ಸ್ಪಷ್ಟಗೊಂಡುದು 2003ರ ನವೆಂಬರಿನಲ್ಲಿ.

ಪಾಠವು ಮೊದಲೇ ತಲುಪಿದ್ದರೆ ಆ 71 ಜನರು ಉಳಿಯುತ್ತಿದ್ದರೆ? ನಿಶ್ಚಯವಾಗಿ ಹೌದೆನ್ನುವುದು ಇತಿಹಾಸಕಾರನಿಗೆ ಸಲ್ಲದು. ಆದರೆ ಅರಿವು ಇದ್ದೂ ತಲುಪದೆ ಹೋದ ಉದಾಹರಣೆಯು ಇದೊಂದೇ ಅಲ್ಲ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲೆಸ್ ನಿಲ್ದಾಣವನ್ನು ಸಮೀಪಿಸುತ್ತಿದ್ದ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವು ಗುಡ್ಡಕ್ಕೆ ಬಡಿದು 92 ಜನರು ಮೃತರಾದರು. ಅದಕ್ಕೆ ಆರು ವಾರಗಳ ಮೊದಲು ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ತಪ್ಪು ತಿಳಿವಳಿಕೆಯಿಂದ ಅದೇ ಗುಡ್ಡವನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಆ ಸಂಸ್ಥೆಯು ತನ್ನ ವೈಮಾನಿಕರನ್ನು ಎಚ್ಚರಿಸಿತು. ಎಚ್ಚರಿಕೆಯು ನೆರೆಯ ಸಂಸ್ಥೆಯನ್ನು ಮುಟ್ಟಲಿಲ್ಲ. ಇದರ ಫಲವಾಗಿಯೇ 1976ರಲ್ಲಿ ಅಮೆರಿಕೆಯು, ತಪ್ಪನ್ನು ಒಪ್ಪಿಕೊಂಡವರ ಹೆಸರನ್ನು ಗುಪ್ತವಾಗಿಡುವ ವರದಿ ವ್ಯವಸ್ಥೆಯೊಂದನ್ನು ನಾಸಾ ಸಂಸ್ಥೆಗೆ ವಹಿಸಿತು.

ಜಪಾನಿನಲ್ಲಿ ನಡೆದುದು ಬೇರೆ. ಇಬ್ಬರು ನಿಯಂತ್ರಕರ ಮೇಲೆ ಮೊಕದ್ದಮೆ ನಡೆದು, 2006ರಲ್ಲಿ ಕೆಳಗಿನ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. 2008ರಲ್ಲಿ ಉಚ್ಚ ನ್ಯಾಯಾಲಯವು ಅಪರಾಧಿಗಳೆಂದಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ಗಾಯಗೊಂಡವರಿಗೆ ನ್ಯಾಯ ಕೇಳುವ ಹಕ್ಕಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಯಿತಪ್ಪಿ ನುಡಿದ ಸಂಖ್ಯೆಗೆ ಶಿಕ್ಷೆಯಾಗುವುದಾದರೆ, ಮುಂದೆ ತಪ್ಪಿದವನು ತಾನಾಗಿಯೇ ಬಂದು ಹೇಳುವನೆ? ಹೇಳದಿದ್ದರೆ, ತಪ್ಪಿಹೋದ ದುರಂತದ ದಾಖಲೆಯು ಉಳಿಯುವ ಬಗೆ ಯಾವುದು?

ಶಾಸನಗಳಲ್ಲಿ ನಾವು ಹುಡುಕುವುದು ಬರೆದುದನ್ನು. ಬರೆಯಲು ಅಂಜಿದುದನ್ನು ಯಾವ ಶಾಸನವೂ ಹೇಳದು. ಸುರುಗಾ ಕೊಲ್ಲಿಯ ಆ 677 ಜನರು ಮನೆ ಸೇರಿದರು. ಅವರ ಬದುಕು ಕೊಟ್ಟ ಸಾಕ್ಷ್ಯವನ್ನು ಜಗತ್ತು ಓದಿದುದು ಇತರ 71 ಜನರ ಸಾವಿನ ಬೆಳಕಿನಲ್ಲಿ. ಇತಿಹಾಸದ ವಿದ್ಯಾರ್ಥಿಯು ಸಂಭವಿಸದುದನ್ನೂ ದಾಖಲಿಸಲು ಕಲಿಯಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.