ಉಳಿಸಿಕೊಂಡ ಹಲ್ಲಿನ ಜುಮ್ಮು

ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಮರುದಿನ ತಣ್ಣೀರು ಕುಡಿದು ‘ಹಲ್ಲು ಜುಮ್ ಅನ್ನುತ್ತೆ ಡಾಕ್ಟ್ರೇ’ ಎನ್ನುವುದು ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಕ್ಲಿನಿಕ್‌ಗಳಲ್ಲಿ ನಿತ್ಯದ ಮಾತು. ಈ ದೂರಿನ ಚರಿತ್ರೆಯೆಂದರೆ ಹಲ್ಲನ್ನು ಕೀಳದೆ ಉಳಿಸಿಕೊಳ್ಳಲು ಕಲಿತ ಚರಿತ್ರೆ. ಕಿತ್ತ ಹಲ್ಲು ಜುಮ್ಮೆನ್ನುವುದಿಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬೇವಿನ ಕಡ್ಡಿ, ಇದ್ದಿಲು, ಉಪ್ಪು ಇದ್ದವು, 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಆಮೇಲೆ ಬಂತು. ನೋವಿಗೆ ಲವಂಗ, ತಡೆಯಲಾಗದಿದ್ದರೆ ಕೀಳಿಸುವುದು. ಕೊರೆದು ತುಂಬುವ ವಿದ್ಯೆ ಊರಿನಲ್ಲಿ ಬೇರೂರಲು ಕಾಲೇಜುಗಳು ಬೇಕಾದವು: ಕೋಟೆಯ ಬಳಿ 1958ರಲ್ಲಿ ಸರ್ಕಾರಿ ದಂತ ಕಾಲೇಜು, ದಕ್ಷಿಣದಲ್ಲಿ 1991ರಲ್ಲಿ ಕುಮಾರಸ್ವಾಮಿ ಲೇಔಟಿನ ದಯಾನಂದ ಸಾಗರ್, 1992ರಲ್ಲಿ ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು.

ಲವಂಗವೇನೂ ಮೂಲೆ ಸೇರಲಿಲ್ಲ. ಅದರ ಎಣ್ಣೆಯ ಸಾರವಾದ ಯೂಜಿನಾಲ್ ಅನ್ನು ಸತುವಿನ ಆಕ್ಸೈಡಿನೊಂದಿಗೆ ಕಲಸಿ, ಬೆಳ್ಳಿ-ಪಾದರಸದ ಮಿಶ್ರಣದ ಅಡಿಗೆ ಹಾಸುತ್ತಿದ್ದರು. ಲೋಹ ದಾಟಿಸುವ ತಂಪು ಒಳಗಿನ ಜೀವಕ್ಕೆ ತಾಕದಿರಲೆಂದು. ಹಲ್ಲಿನ ಬಣ್ಣದ ರಾಳ ಬಂದಾಗ ಲೆಕ್ಕ ತಪ್ಪಿತು. ಯೂಜಿನಾಲ್ ಇದ್ದರೆ ಈ ರಾಳ ಸರಿಯಾಗಿ ಗಟ್ಟಿಯಾಗದು, ಹಾಗಾಗಿ ನೋವು ತಣಿಸುತ್ತಿದ್ದ ಹಾಸೇ ಜಾಗ ಬಿಡಬೇಕಾಯಿತು. ರಾಳ ಅಂಟಲು ಹಲ್ಲಿಗೆ ಆಮ್ಲ ಸವರುತ್ತಾರೆ. ಗಟ್ಟಿಯಾಗುವಾಗ ರಾಳ ತುಸು ಕುಗ್ಗುತ್ತದೆ. ಹೀಗಾಗಿ ಎನಾಮಲ್‌ನ ಕೆಳಗಿನ ಪದರದಲ್ಲಿರುವ ಸೂಕ್ಷ್ಮ ನಾಳಗಳು ಎಲ್ಲಾದರೂ ಮುಚ್ಚದೆ ಉಳಿದರೆ, ತಂಪು ತಾಕಿದಾಗ ಒಳಗಿನ ದ್ರವ ಸರಿದು ನರವನ್ನು ಕೆಣಕುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಗೀಸಿ 1900ರಲ್ಲೇ ಊಹಿಸಿದ್ದ ಇದನ್ನು 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಪ್ರಯೋಗಗಳಿಂದ ಗಟ್ಟಿಗೊಳಿಸಿದರು.

ಹಿಂದಿನವರಿಗೆ ಇದೆಲ್ಲ ಎಲ್ಲಿತ್ತು, ಪೇಸ್ಟ್ ಕಂಪನಿಗಳು ಹುಟ್ಟಿಸಿದ ಕಾಯಿಲೆಯಿದು ಎನ್ನುವವರಿದ್ದಾರೆ. ಆದರೆ ಗೀಸಿಯ ಮಾತು ಜುಮ್ಮಿನ ಪೇಸ್ಟ್ ಸೆನ್ಸೋಡೈನ್‌ಗಿಂತ ಸುಮಾರು 60 ವರ್ಷ ಹಳೆಯದು. ಇದ್ದಿಲು, ಒರಟು ಪುಡಿ ಉಜ್ಜಿ ಎನಾಮಲ್ ಸವೆಸಿಕೊಂಡವರಿಗೂ ಹುಣಸೆಹಣ್ಣು ತಿಂದಾಗಿನ ಜುಮ್ಮು ಗೊತ್ತಿತ್ತು. ಆಕ್ಷೇಪದಲ್ಲಿ ಒಂದು ಪಾಲು ಮಾತ್ರ ನಿಜ: ಎಲ್ಲ ಜುಮ್ಮಿಗೂ ಪೇಸ್ಟ್ ಮದ್ದಲ್ಲ. ತುಂಬಿದ ಸಿಮೆಂಟ್ ಎತ್ತರವಾಗಿ ಕಚ್ಚುವಾಗ ಮೊದಲು ತಾಕುತ್ತಿದ್ದರೆ ಯಾವ ಪೇಸ್ಟೂ ಸಾಲದು, ವೈದ್ಯರು ಅದನ್ನು ಉಜ್ಜಿ ತಗ್ಗಿಸಬೇಕು. ತಂಪು ಸರಿದ ಕ್ಷಣವೇ ಅಡಗಿ, ವಾರ ಕಳೆದಂತೆ ಇಳಿಯುವ ಜುಮ್ಮಿಗೆ ಹೆದರಬೇಕಿಲ್ಲ. ನೀರು ನುಂಗಿದ ಮೇಲೂ ನಿಂತು ನೋಯುವುದು, ರಾತ್ರಿ ನಿದ್ದೆ ಕೆಡಿಸುವುದು ಬೇರೆ. ಅಲ್ಲಿ ಹಲ್ಲಿನ ತಿರುಳೇ ಉರಿಯುತ್ತಿರುತ್ತದೆ. ಒಂದು ಕಾಲಕ್ಕೆ ಅಂಥ ಹಲ್ಲಿಗೆ ಇಕ್ಕಳವೇ ಗತಿ. ಈಗ ರೂಟ್ ಕೆನಾಲ್ ಮಾಡಿ ಅದನ್ನೂ ಉಳಿಸುತ್ತಾರೆ.