ಫೋನಿಗೆ ಬರುವ 'ತುರ್ತು' ಷೇರು ಸುದ್ದಿ ಎಷ್ಟು ತುರ್ತು? ಆ್ಯಪ್‌ಗಳು ಅಂಕ ಕೊಡುವುದು ಹೇಗೆ?

ಕೆಂಪು ಗಂಟೆಯ ಚಿತ್ರ, ಕಂಪನಿಯ ಹೆಸರು, ಪಕ್ಕದಲ್ಲಿ 'ಹೈ ಇಂಪ್ಯಾಕ್ಟ್' ಎಂಬ ಪಟ್ಟಿ. ಷೇರು ಆ್ಯಪ್‌ಗಳ ಇಂಥ ಸ್ಕ್ರೀನ್‌ಶಾಟ್‌ಗಳು 'ಕಂಪ್ಯೂಟರೇ ಹೇಳಿದೆ, ಬೇಗ ಮಾರಿ' ಎಂಬ ಒಕ್ಕಣೆಯೊಂದಿಗೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಹನಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತವರ ಫೋನಿಗೂ ಮುಂಬೈ ಬ್ರೋಕರ್ ಫೋನಿಗೂ ಅದೇ ಅಲರ್ಟ್ ಬರಬಹುದು. ಅಷ್ಟಕ್ಕೂ ಕಂಪ್ಯೂಟರ್ ಹೇಳಿದ್ದೇನು?

ಅಂಕ ಯಾವುದಕ್ಕೆ?

ಸಾವಿರಾರು ಸುದ್ದಿಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು ಎಂದು ಸಾಫ್ಟ್‌ವೇರ್ ತೀರ್ಮಾನಿಸಬೇಕು. ಅದಕ್ಕಾಗಿ ಸುದ್ದಿಗೆ ಅಂಕ ಕೊಡುತ್ತದೆ. ಮೊದಲ ಪ್ರಶ್ನೆ: ಇದು ಯಾವ ಕಂಪನಿಯ ಸುದ್ದಿ? ಇಲ್ಲೇ ಎಡವಬಹುದು. ಮಂಗಳೂರಿನ ಕರ್ನಾಟಕ ಬ್ಯಾಂಕ್ ಷೇರುಪೇಟೆಯಲ್ಲಿದೆ. ನಮ್ಮೂರುಗಳಲ್ಲಿ ಶಾಖೆಗಳಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಷೇರುಪೇಟೆಯಲ್ಲಿಲ್ಲ. ಹೆಸರಿನ ಎರಡು ಪದ ಹೊಂದಿತೆಂದು ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಅಂಟಿಸಿದರೆ ಅಂಕವೆಲ್ಲ ವ್ಯರ್ಥ.

ಮುಂದಿನದು ಧಾಟಿ, ಅಂದರೆ ಸುದ್ದಿ ಒಳ್ಳೆಯದೋ ಕೆಟ್ಟದೋ ಎಂಬುದು. ಹಳೆಯ ವಿಧಾನದಲ್ಲಿ 'ಕೆಟ್ಟ' ಪದಗಳ ಪಟ್ಟಿ ಇಟ್ಟುಕೊಂಡು ಎಣಿಸುತ್ತಿದ್ದರು. ಅಮೆರಿಕದ ಸಂಶೋಧಕರಾದ ಲೌಘ್ರನ್ ಮತ್ತು ಮೆಕ್‌ಡೊನಾಲ್ಡ್ 2011ರಲ್ಲಿ ತೋರಿಸಿದಂತೆ, ಸಾಮಾನ್ಯ ನಿಘಂಟು 'ಕೆಟ್ಟದ್ದು' ಎಂದು ಗುರುತಿಸಿದ ಪದಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಹಣಕಾಸಿನ ಬರಹದಲ್ಲಿ ಕೆಟ್ಟ ಅರ್ಥ ಕೊಡುವುದಿಲ್ಲ. ತೆರಿಗೆ, ವೆಚ್ಚ ಎಂಬ ಪದಗಳು ಯಾವ ಕಂಪನಿಯ ವರದಿಯಲ್ಲಿ ಇರುವುದಿಲ್ಲ ಹೇಳಿ! ಬೆಂಗಳೂರಿನ ಬಯೋಕಾನ್‌ಗೆ ಕ್ಯಾನ್ಸರ್ ಔಷಧ ಮಾರಲು ಅನುಮತಿ ಸಿಕ್ಕರೆ ಅದು ಶುಭ ಸುದ್ದಿ. ಪದ ಎಣಿಸುವ ಯಂತ್ರಕ್ಕೆ ಕಾಣುವುದು ಕ್ಯಾನ್ಸರ್ ಮಾತ್ರ. ಈಗಿನ ಭಾಷಾ ಮಾದರಿಗಳು ಇಡೀ ವಾಕ್ಯ ಓದುತ್ತವೆ, ತಪ್ಪು ಕಡಿಮೆ. ಪೂರ್ತಿ ಹೋಗಿಲ್ಲ.

ಇದರ ಮೇಲೆ ಘಟನೆಯ ಬಗೆ (ವಂಚನೆ ಆರೋಪಕ್ಕೆ ಹೆಚ್ಚು ತೂಕ, ಪ್ರಶಸ್ತಿ ಸಮಾರಂಭಕ್ಕೆ ಕಡಿಮೆ), ಮೂಲ ಯಾವುದು, ಆ ಷೇರು ನಿಮ್ಮ ಪಟ್ಟಿಯಲ್ಲಿದೆಯೇ ಎಂಬುದು ಸೇರಬಹುದು. ಕೆಲವು ಆ್ಯಪ್‌ಗಳಿಗೆ ನೀವು ಒತ್ತಿ ತೆರೆಯುವ ಸಾಧ್ಯತೆಯೂ ಒಂದು ಲೆಕ್ಕವೇ. ಹಾಗಾಗಿ 'ತುರ್ತು' ಎಂಬ ಪಟ್ಟಿಯನ್ನು 'ಮೊದಲು ಓದಿ' ಎಂದು ಓದಿಕೊಳ್ಳಬಹುದು. 'ಮಾರಿ' ಎಂದು ಅದರಲ್ಲಿ ಎಲ್ಲೂ ಇಲ್ಲ.

ಹೊಸತೋ ಹಳತೋ?

ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಅಂಕ ಇದು. ಒಂದೇ ಸುದ್ದಿಯನ್ನು ಹತ್ತು ಕಡೆ ಬರೆದರೆ ಮೊದಲನೆಯದಕ್ಕೆ ಹೆಚ್ಚು ಅಂಕ, ಉಳಿದವಕ್ಕೆ ಇಳಿಯುತ್ತ ಹೋಗಬೇಕು. ಇದು ತಪ್ಪಿದರೆ ಏನಾಗುತ್ತದೆ ಎಂಬುದು 2008ರ ಸೆಪ್ಟೆಂಬರ್ 8ರಂದು ಗೊತ್ತಾಯಿತು. ಯುನೈಟೆಡ್ ಏರ್‌ಲೈನ್ಸ್ ದಿವಾಳಿ ಎಂಬ 2002ರ ವರದಿ ದಿನಾಂಕವಿಲ್ಲದೆ ಅಂತರ್ಜಾಲದಲ್ಲಿ ಮತ್ತೆ ಮೇಲೆ ಬಂತು, ಹೊಸ ಸುದ್ದಿಯೆಂದೇ ಹರಡಿತು. 12 ಡಾಲರ್ ಆಸುಪಾಸಿನಲ್ಲಿದ್ದ ಷೇರು ಕೆಲವೇ ನಿಮಿಷಗಳಲ್ಲಿ 3 ಡಾಲರ್‌ಗೆ ಬಿತ್ತು. ವಹಿವಾಟು ನಿಲ್ಲಿಸಬೇಕಾಯಿತು. ಅದೇ ದಿನ ಬೆಲೆ ಬಹುಮಟ್ಟಿಗೆ ಚೇತರಿಸಿತು, ಆದರೆ 3 ಡಾಲರ್‌ಗೆ ಮಾರಿದವರದು ಹೋದದ್ದು ಹೋಯಿತು.

ಇನ್ಫೋಸಿಸ್ ಉದಾಹರಣೆ

ಸುದ್ದಿ ಹೊಸದೇ ಆಗಿದ್ದಾಗಲೂ ತಡವಾಗಬಹುದು. ಇನ್ಫೋಸಿಸ್ ಆಡಳಿತದ ಮೇಲೆ ಅನಾಮಧೇಯ ಉದ್ಯೋಗಿಗಳು ಆರೋಪ ಮಾಡಿದ ಪತ್ರದ ಸುದ್ದಿ 2019ರ ಅಕ್ಟೋಬರ್ 21ರ ಸೋಮವಾರ ದೊಡ್ಡದಾಯಿತು. ಮಹಾರಾಷ್ಟ್ರ ಚುನಾವಣೆಯ ಕಾರಣ ಅಂದು ನಮ್ಮ ಷೇರುಪೇಟೆಗೆ ರಜೆ. ಅಮೆರಿಕದ ಪೇಟೆ ತೆರೆದಿತ್ತು, ಅಲ್ಲಿ ಕಂಪನಿಯ ಷೇರು ಶೇ 12ರಷ್ಟು ಕುಸಿಯಿತು. ಮಂಗಳವಾರ ಬೆಳಿಗ್ಗೆ ಇಲ್ಲಿ ಪೇಟೆ ತೆರೆಯುವಾಗಲೇ ಬೆಲೆ ಬಿದ್ದಿತ್ತು. ದಿನದ ಕೊನೆಗೆ ಇಳಿಕೆ ಶೇ 16, ಕರಗಿದ ಮೌಲ್ಯ ಸುಮಾರು 53 ಸಾವಿರ ಕೋಟಿ ರೂಪಾಯಿ.

ಹೆಸರು ಸ್ಪಷ್ಟ, ಸುದ್ದಿ ಹೊಸದು, ಆರೋಪ ಗಂಭೀರ. ಯಾವ ಲೆಕ್ಕದಲ್ಲೂ ಪೂರ್ತಿ ಅಂಕ ಸಿಗಬೇಕಾದ ಅಲರ್ಟ್ ಅದು. ಆದರೂ ಮಂಗಳವಾರ ಅದನ್ನು ಓದಿ ಮಾರಲು ಹೊರಟವರಿಗೆ ಸಿಕ್ಕಿದ್ದು ಆಗಲೇ ಬಿದ್ದ ಬೆಲೆ. ಆರೋಪಗಳಿಗೆ ಪುರಾವೆ ಸಿಗಲಿಲ್ಲ ಎಂದು ಕಂಪನಿಯ ಆಡಿಟ್ ಸಮಿತಿ ಹೇಳಿದ್ದು 2020ರ ಜನವರಿ 10ರಂದು, ಎರಡೂವರೆ ತಿಂಗಳ ನಂತರ. ಆ್ಯಪ್‌ನೊಳಗೆ ಅಂಥ ಅಲರ್ಟ್‌ನ ಅಂಕ ದಿನ ಕಳೆದಂತೆ ಇಳಿಯುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಮಾತ್ರ ಗಂಟೆ ಕೆಂಪಾಗಿಯೇ ಉಳಿಯುತ್ತದೆ. ಅದನ್ನು ಇವತ್ತು ಯಾರಾದರೂ ಫಾರ್ವರ್ಡ್ ಮಾಡಿದರೆ ಇವತ್ತಿನದೇ ಅನ್ನಿಸುತ್ತದೆ.

ಪರಿಶೀಲಿಸುವುದು ಹೇಗೆ?

ಎನ್‌ಎಸ್‌ಇ ಮತ್ತು ಬಿಎಸ್‌ಇ ವೆಬ್‌ಸೈಟ್‌ಗಳಲ್ಲಿ ಪ್ರತಿ ಕಂಪನಿಯ ಪ್ರಕಟಣೆಗಳು ದಿನಾಂಕ, ಸಮಯದ ಸಮೇತ ಉಚಿತವಾಗಿ ಸಿಗುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿರುವುದು ಕಂಪನಿಯ ನಿರ್ಧಾರವಾದರೆ ಅದು ಅಲ್ಲಿರಬೇಕು. 2024ರ ಡಿಸೆಂಬರ್ 1ರಿಂದ ಮೊದಲ 250 ಕಂಪನಿಗಳು, ಮುಖ್ಯವಾಹಿನಿ ಮಾಧ್ಯಮದ ವದಂತಿಯಿಂದ ಷೇರು ಬೆಲೆ ಗಣನೀಯವಾಗಿ ಏರಿಳಿದರೆ 24 ಗಂಟೆಯೊಳಗೆ ದೃಢಪಡಿಸಬೇಕು, ಅಲ್ಲಗಳೆಯಬೇಕು ಇಲ್ಲವೇ ಸ್ಪಷ್ಟನೆ ಕೊಡಬೇಕು. ವಾಟ್ಸಾಪ್ ಗುಂಪಿನ ಗಾಳಿಸುದ್ದಿ ಈ ನಿಯಮದೊಳಗೆ ಬರುವುದಿಲ್ಲ. ಅದಕ್ಕೆ ಕಂಪನಿ ಉತ್ತರಿಸಲಿಲ್ಲವೆಂದರೆ ಸುದ್ದಿ ನಿಜ ಎಂದಾಗುವುದಿಲ್ಲ.

ಸ್ಕ್ರೀನ್‌ಶಾಟ್ ಜೊತೆ 'ಈ ಷೇರು ಕೊಳ್ಳಿ' ಎಂದು ಹಣ ಪಡೆದು ಸಲಹೆ ಕೊಡುವವರಿದ್ದರೆ ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಕೊಟ್ಟ ಸಂಖ್ಯೆ ಅವರದೇ ಹೌದೇ ಎಂದು ಸೆಬಿ ವೆಬ್‌ಸೈಟ್‌ನಲ್ಲಿ ಹುಡುಕಿ ನೋಡಬಹುದು.