ಕಣಜ ಕಟ್ಟಿದ ಮನೆ

ಗೌರಿ ಹಬ್ಬಕ್ಕೆ ತವರಿಗೆ ಹೋಗುವುದೆಂದರೆ ನನಗೆ ಬಾಗಿನದ ಆಸೆಗಿಂತ ಹಿತ್ತಿಲಿನ ಆಸೆಯೇ ಹೆಚ್ಚು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ನನ್ನ ತವರು. ಭಾದ್ರಪದದ ಹೊತ್ತಿಗೆ ಮಳೆಯ ಆರ್ಭಟ ಇಳಿದು ಬಿಸಿಲು ಎಳೆಯದಾಗಿರುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳ ಘಾಟು ಊರನ್ನೆಲ್ಲ ಸುತ್ತಿಕೊಂಡಿರುತ್ತದೆ. ಮಳೆಗಾಲವಿಡೀ ಎಲೆ ತಿಂದು ಬೆಳೆದ ಹುಳುಗಳೂ, ಹುಳುಗಳನ್ನು ತಿಂದು ಬೆಳೆದ ಜೇಡಗಳೂ ಮೈ ತುಂಬಿಕೊಂಡು ಕಣ್ಣಿಗೆ ಬೀಳುವ ಕಾಲ ಅದು.

1996ರ ಹಬ್ಬಕ್ಕೆ ಹೋಗುವಾಗ ನಮ್ಮವರ ಕ್ಯಾಮೆರಾವನ್ನು ಕೇಳಿ ಪಡೆದಿದ್ದೆ. ಮೂವತ್ತಾರು ಚಿತ್ರಗಳ ಎರಡು ರೋಲು, ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಒಂದು ಭೂತಗನ್ನಡಿ, ಇಷ್ಟೇ ನನ್ನ ಸರಂಜಾಮು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಚಿತ್ರಗಳನ್ನು ನೋಡಿ ಬೆರಗಾದವಳು ನಾನು; ಅವರಂತೆ ಕಾಡಿಗೆ ಹೋಗುವುದಂತೂ ಆಗದು, ಹಿತ್ತಿಲಿಗಾದರೂ ಹೋಗೋಣವೆಂದುಕೊಂಡಿದ್ದೆ. ಹೀರೆ ಚಪ್ಪರದ ಕೆಳಗೆ ಬಲೆಯ ನಡುವೆ ಬಿಳಿ ನೂಲಿನಿಂದ ಗುಣಾಕಾರದ ಗುರುತು ಬರೆದು, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕುಳಿತ ಜೇಡವೇ ನನ್ನ ಮೊದಲ ಚಿತ್ರ. ಪ್ರಾಣಿಶಾಸ್ತ್ರ ಓದಿದ ಮೈಸೂರಿನ ಗೆಳತಿಯೊಬ್ಬಳು ಆಮೇಲೆ ಅದರ ಹೆಸರು ಹೇಳಿದಳು: ಆರ್ಜಿಯೋಪಿ ಅನಸೂಜ. 1887ರಲ್ಲಿ ಸ್ವೀಡನ್ನಿನ ಥೋರೆಲ್ ಎಂಬ ವಿದ್ವಾಂಸ ಇಟ್ಟ ಹೆಸರಂತೆ. ನನ್ನ ಕಿವಿಗೆ ಮಾತ್ರ ಅದು ಅನಸೂಯ ಎಂದೇ ಕೇಳಿಸಿತು.

ಆದರೆ ನಾನು ಹೇಳಹೊರಟದ್ದು ಜೇಡದ ಮಾತಲ್ಲ, ಜೇಡವನ್ನು ಹೊತ್ತೊಯ್ಯುವ ಕಣಜದ ಮಾತು.

ಕಿಟಕಿಯ ಮೂಲೆಯಲ್ಲೋ ದೇವರ ಪಟದ ಹಿಂದೆಯೋ ಮಣ್ಣು ಮೆತ್ತಿ ಗೂಡು ಕಟ್ಟುವ ಕಣಜವನ್ನು ನೀವೂ ಕಂಡಿರುತ್ತೀರಿ. ನಮ್ಮ ಮನೆಯಲ್ಲಿ ಆ ಗೂಡನ್ನು ಯಾರೂ ಮುಟ್ಟುವಂತಿರಲಿಲ್ಲ. ಕಣಜ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂಬುದು ನಮ್ಮಜ್ಜಿಯ ಮಾತು. ಗುಂಡನೆಯ ಗೂಡಾದರೆ ಹೆಣ್ಣು, ಉದ್ದನೆಯದಾದರೆ ಗಂಡು. ಈ ಮಾತು ಕೇಳಿ ಉಳಿದವರು ನಗುತ್ತಿದ್ದೆವು. ನಗದಿದ್ದವರು ನಮ್ಮ ಅತ್ತಿಗೆ ಒಬ್ಬರೇ. ಅಣ್ಣನ ಕೈ ಹಿಡಿದು ಬಂದು ಹನ್ನೊಂದು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಪ್ರತಿ ಭಾದ್ರಪದದಲ್ಲೂ ಅವರ ಕೋಣೆಯ ಕಿಟಕಿಗೆ ಕಣಜ ಬರುತ್ತಿತ್ತು, ಮಣ್ಣು ಮೆತ್ತುತ್ತಿತ್ತು, ಹೋಗುತ್ತಿತ್ತು. ಅತ್ತಿಗೆ ಆ ಕಿಟಕಿಯನ್ನು ಗುಡಿಸುವಾಗ ಪೊರಕೆಯನ್ನು ಬದಿಗಿಟ್ಟು ಬಟ್ಟೆಯಲ್ಲಿ ಮೆಲ್ಲಗೆ ಒರೆಸುವುದನ್ನು ನಾನು ನೋಡಿದ್ದೆ.

ಆ ವರ್ಷ ಸುಣ್ಣ ಬಳಿಯಲು ಬಂದವನ ಕುಂಚ ತಾಗಿ ಗೂಡಿನ ಒಂದು ಪಕ್ಕ ಉದುರಿತು. ಅವ್ವ ಅವನನ್ನು ಬೈದರು. ನಾನು ಕ್ಯಾಮೆರಾ ತಂದೆ. ಒಡೆದ ಕೋಣೆಯೊಳಗೆ ಒಂದರ ಮೇಲೊಂದು ತುರುಕಿದ ಜೇಡಗಳು, ಎಣಿಸಿದರೆ ಹನ್ನೊಂದು. ಅವುಗಳ ನಡುವೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಹುಳು. ಹುಲ್ಲುಕಡ್ಡಿ ತಾಗಿಸಿದಾಗ ಒಂದು ಜೇಡದ ಕಾಲು ಮೆಲ್ಲಗೆ ಮಿಸುಕಿತು.

ಹಿಂದೆ ನಿಂತಿದ್ದ ಅತ್ತಿಗೆ ಕೇಳಿದರು, “ಜೀವ ಐತಾ ಅವಕ್ಕೆ?”

“ಐತೆ ಅತ್ತಿಗೆ. ಎದ್ದು ಹೋಗೋ ಶಕ್ತಿ ಇಲ್ಲ ಅಷ್ಟೆ.”

“ಹಂಗಾದ್ರೆ ಇಷ್ಟು ವರ್ಷ ನಾನು ಕಾಯ್ಕೊಂಡಿದ್ದು ಇದನ್ನಾ?”

ನನಗೆ ಉತ್ತರ ಹೊಳೆಯಲಿಲ್ಲ. ಕ್ಯಾಮೆರಾ ಒತ್ತುವ ಬೆರಳೂ ನಿಂತಿತು.

ಮೈಸೂರಿಗೆ ಬಂದ ಮೇಲೆ ಈ ಗೂಡಿನ ಹಿಂದೆ ಬಿದ್ದೆ. ನಮ್ಮ ಹಿರಿಯರಿಗೆ ಇದು ಹೊಸದೇನೂ ಅಲ್ಲ. ಕೀಟ-ಭೃಂಗ ನ್ಯಾಯ ಎಂಬ ಮಾತನ್ನು ಪುರಾಣ ಪ್ರವಚನಗಳಲ್ಲಿ ಕೇಳದವರಾರು? ಭೃಂಗವು ಹುಳುವೊಂದನ್ನು ತಂದು ಗೂಡಿನಲ್ಲಿಟ್ಟು ಸುತ್ತ ಝೇಂಕರಿಸುತ್ತದೆ. ಹುಳು ಅಂಜಿಕೆಯಿಂದ ಅದನ್ನೇ ನೆನೆ ನೆನೆದು ತಾನೂ ಭೃಂಗವಾಗುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಹೇಳುವಾಗ ಜೇಡವೂ ಈ ಕಣಜವೂ ಆ ಸಾಲಿನಲ್ಲಿ ಬರುತ್ತವೆ. ನೆನೆದದ್ದೇ ಆಗುವೆ ಎಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉಪಮೆ ಎಲ್ಲಿದೆ?

ಅದು ಬರಿಯ ಕಲ್ಪನೆಯೂ ಅಲ್ಲ. ಯಾರೋ ಒಬ್ಬರು ಗೋಡೆಯ ಮುಂದೆ ತಾಳ್ಮೆಯಿಂದ ಕುಳಿತು ನೋಡಿಯೇ ಹೇಳಿದ ಮಾತು. ಗುಂಡು ಗಡಿಗೆಯಂಥ ಗೂಡು ಕಟ್ಟುವ ಕಣಜ ಹಸಿರು ಹುಳುಗಳನ್ನೇ ತಂದು ತುಂಬುತ್ತದೆ. ಹುಳು ಒಳಗೆ ಹೋಯಿತು, ಬಾಯಿ ಮುಚ್ಚಿತು, ಕೆಲವು ವಾರದ ಮೇಲೆ ಕಣಜ ಹೊರಗೆ ಬಂತು. ನೋಡಿದ್ದೆಲ್ಲ ನಿಜ. ಮುಚ್ಚಿದ ಮಣ್ಣಿನ ಒಳಗೆ ನಡೆದದ್ದು ಮಾತ್ರ ಕಾಣಲಿಲ್ಲ; ಆ ಜಾಗವನ್ನು ಊಹೆ ತುಂಬಿತು.

ಹೀಗೆ ಊಹಿಸಿದವರು ನಾವು ಮಾತ್ರವೇ ಅಲ್ಲ. ಕೊಳೆತ ಮಾಂಸವೇ ಹುಳುವಾಗುತ್ತದೆಂದು ಯುರೋಪಿನವರು ಬಹುಕಾಲ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಪಾತ್ರೆಗೆ ತೆಳುಬಟ್ಟೆ ಕಟ್ಟಿ, ನೊಣ ಮೊಟ್ಟೆಯಿಡದೆ ಹುಳುವಾಗದೆಂದು ತೋರಿಸಿದ. ಅದೇ ಕಾಲದಲ್ಲಿ ಜರ್ಮನಿಯ ಹೆಣ್ಣುಮಗಳೊಬ್ಬಳು, ಮರಿಯಾ ಸಿಬಿಲ್ಲಾ ಮೆರಿಯನ್, ಹದಿಮೂರರ ವಯಸ್ಸಿಗೇ ರೇಷ್ಮೆಹುಳು ಸಾಕಿ ಅದರ ಒಂದೊಂದು ಅವಸ್ಥೆಯನ್ನೂ ಬಣ್ಣದಲ್ಲಿ ಬರೆಯತೊಡಗಿದ್ದಳು. ಮದುವೆ, ಮಕ್ಕಳು, ಸಂಸಾರ ಎಲ್ಲದರ ನಡುವೆಯೂ ಕುಂಚ ಬಿಡಲಿಲ್ಲ. 1699ರಲ್ಲಿ, ಐವತ್ತೆರಡು ವರ್ಷದವಳು, ಕಿರಿಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಅಲ್ಲಿನ ಹುಳು-ಚಿಟ್ಟೆಗಳ ಪುಸ್ತಕ 1705ರಲ್ಲಿ ಬಂತು. ಕ್ಯಾಮೆರಾ ಇಲ್ಲದ ಕಾಲದಲ್ಲಿ ಅವಳ ಕಣ್ಣೇ ಕ್ಯಾಮೆರಾ.

ಕಣಜದ ಗುಟ್ಟನ್ನು ಲೋಕಕ್ಕೆಲ್ಲ ಕಥೆಯಂತೆ ಬಿಡಿಸಿ ಹೇಳಿದವನು ಫ್ರಾನ್ಸಿನ ಬಡ ಶಾಲಾಮೇಷ್ಟ್ರು ಜಾನ್ ಆನ್ರಿ ಫಾಬ್ರ. 1879ರಿಂದ 1907ರವರೆಗೆ ಹತ್ತು ಸಂಪುಟ ಬರೆದ. ತಾಯಿ ಕಣಜ ಬೇಟೆಯನ್ನು ಕೊಲ್ಲುವುದಿಲ್ಲ, ಚುಚ್ಚಿ ಮೈ ಮರಗಟ್ಟಿಸುತ್ತದೆ. ಸತ್ತರೆ ಕೊಳೆಯುತ್ತದೆ, ಮರಗಟ್ಟಿದರೆ ಕೆಡದೆ ಉಳಿಯುತ್ತದೆ. ಗಡಿಗೆ ಗೂಡಿನ ಕಣಜವಂತೂ ತನ್ನ ಮೊಟ್ಟೆಯನ್ನು ಮಾಡಿನಿಂದ ಸಣ್ಣ ದಾರದಲ್ಲಿ ತೂಗುಬಿಡುತ್ತದೆ. ಕೆಳಗಿನ ಹುಳುಗಳು ಹೊರಳಿ ಅದನ್ನು ಜಜ್ಜದಿರಲಿ ಎಂದು! ಅಜ್ಜಿ ಹೇಳಿದ ತೊಟ್ಟಿಲು ಇದೇ ಇರಬೇಕೆಂದು ಓದುವಾಗ ನನಗೆ ಅನ್ನಿಸಿತು. ಕಣಜ ಎಂದರೆ ದವಸ ತುಂಬುವ ಕಣಜವೂ ಹೌದಷ್ಟೆ. ಮರಿ ಹುಟ್ಟುವ ಮುನ್ನವೇ ಅನ್ನ ತುಂಬಿಸಿ, ಬಾಯಿ ಕಟ್ಟಿ, ತಾಯಿ ಹಾರಿಹೋಗುತ್ತಾಳೆ. ಮಗುವಿನ ಮುಖವನ್ನು ಅವಳು ನೋಡುವುದೇ ಇಲ್ಲ.

ನಮ್ಮ ಕಿಟಕಿಯದು ಉದ್ದ ಕೋಣೆಗಳ, ಜೇಡ ತುಂಬುವ ಜಾತಿ. ದಾರದಂಥ ಹಳದಿ ಸೊಂಟವನ್ನೂ ಹಳದಿ ಪಟ್ಟೆಯ ಕಾಲನ್ನೂ ಚಿತ್ರದಲ್ಲಿ ನೋಡಿ ಗೆಳತಿ ಗುರುತು ಹಿಡಿದಳು: ಸೆಲಿಫ್ರಾನ್ ಮದ್ರಾಸ್‌ಪಟಾನಮ್. 1781ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಅದಕ್ಕೆ ಮದ್ರಾಸಿನ ಹೆಸರಿಟ್ಟಿದ್ದ.

ಮುಂದಿನ ಹಬ್ಬಕ್ಕೆ ಚಿತ್ರಗಳನ್ನು ಒಯ್ದು ಅತ್ತಿಗೆಗೆ ಎಲ್ಲ ಹೇಳಿದೆ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿದ್ದೆ. ಉಪಮೆ ಸುಳ್ಳಾದರೆ ತತ್ತ್ವಕ್ಕೆ ಕುಂದಿಲ್ಲ. ಆದರೆ ಅತ್ತಿಗೆಯ ಪಾಲಿಗೆ ಆ ಮಣ್ಣು ಉಪಮೆಯಾಗಿರಲಿಲ್ಲ. ಅವರು ಚಿತ್ರಗಳನ್ನು ಒಂದೊಂದಾಗಿ ಸೆರಗಿನ ಮೇಲೆ ಹರಡಿಕೊಂಡು ನೋಡಿದರು. “ಗೊತ್ತಿತ್ತು ಕಣವ್ವ. ಬಾಯಲ್ಲಿ ಯಾರೂ ಹೇಳಿರಲಿಲ್ಲ” ಎಂದರು. ಆಮೇಲೆ ಸೂರಿನ ಕೆಳಗೆ ಕಾಗದದಂಥ ಗೂಡು ಕಟ್ಟಿದ್ದ ಬೇರೆ ಕಣಜಗಳನ್ನು ತೋರಿಸಿ, “ಇವು ಮಾತ್ರ ಬಿಟ್ಟು ಹೋಗಲ್ಲ. ಯಾವಾಗ್ಲೂ ಮರಿಗೆ ತಿನ್ನಿಸ್ತಾ ಇರ್ತವೆ. ಇದನ್ನೂ ತೆಗಿ” ಎಂದರು. ತೆಗೆದೆ.

ಆ ಚಿತ್ರದ ಬೆಲೆ ನನಗೆ ತಿಳಿದದ್ದು ವರ್ಷಗಳ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ಇಂಥ ಕಾಗದದ ಗೂಡಿನ ರೋಪಲಿಡಿಯಾ ಮಾರ್ಜಿನೇಟ ಎಂಬ ಕಣಜದ ಮೈಮೇಲೆ ಬಣ್ಣದ ಚುಕ್ಕೆಯಿಟ್ಟು, ಒಂದೊಂದನ್ನೂ ಗುರುತು ಹಿಡಿದು, ದಶಕಗಳ ಕಾಲ ನೋಡಿದವರು. 2001ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಆ ಗೂಡಿನಲ್ಲಿ ಮೊಟ್ಟೆಯಿಡುವವಳು ಒಬ್ಬಳೇ. ಉಳಿದವರಿಗೂ ಮೊಟ್ಟೆಯಿಡುವ ಶಕ್ತಿ ಇಲ್ಲದಿಲ್ಲ. ಆದರೂ ಅವರಲ್ಲಿ ಬಹುಮಂದಿ ಬೇಟೆ ತಂದು, ಗೂಡು ಕಟ್ಟಿ, ಅವಳ ಮರಿಗಳನ್ನು ಸಾಕುತ್ತಲೇ ಬಾಳು ಸವೆಸುತ್ತಾರೆ. ಏಕೆ ಹೀಗೆ ಎಂಬುದೇ ಗದಗಕರ್ ಅವರ ಜೀವಮಾನದ ಪ್ರಶ್ನೆ.

ಆ ಹೊತ್ತಿಗೆ ನನ್ನ ತಮ್ಮನಿಗೆ ಮೂರು ಮಕ್ಕಳಾಗಿದ್ದವು. ಅವನ ಹೆಂಡತಿ ದಿನಾ ಹುಣಸೂರಿಗೆ ಹೋಗಿ ಬರುವ ಶಾಲಾ ಮೇಡಂ. ಮೂರನ್ನೂ ಎತ್ತಿ ಆಡಿಸಿ, ತುತ್ತಿಟ್ಟು, ಜ್ವರ ಬಂದಾಗ ರಾತ್ರಿ ಕೂತವರು ಅತ್ತಿಗೆ. ಕಿಟಕಿಯ ಗೂಡನ್ನು ಅವರು ಇಂದಿಗೂ ಕೀಳಿಸಿಲ್ಲ.

ಆ ಮಕ್ಕಳಲ್ಲಿ ಹಿರಿಯವಳು ಈಗ ಮೈಸೂರಿನಲ್ಲಿದ್ದಾಳೆ. ಹೋದ ಗೌರಿ ಹಬ್ಬಕ್ಕೆ ನಾನು ಊರಲ್ಲಿದ್ದಾಗ ಅವಳ ಮೊಬೈಲಿನಿಂದ ಒಂದು ಚಿತ್ರ ಬಂತು. ಬಾಲ್ಕನಿಯ ಗೋಡೆಯಲ್ಲಿ ಮಣ್ಣಿನ ಗೂಡು. ಫೋನಿನಲ್ಲಿ ಕೇಳಿದಳು, “ದೊಡ್ಡವ್ವ, ಇದನ್ನ ತೆಗೆದುಬಿಡ್ಲಾ?”

ಅತ್ತಿಗೆ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದರು. “ತೂತಾಗಿದ್ರೆ ತೆಗಿ, ಹಾರೋಗದೆ. ಬಾಯಿ ಮುಚ್ಚಿದ್ರೆ ಒಂದಿಷ್ಟು ದಿನ ಬಿಡು ಮಗ, ಒಳಗೈತೆ” ಎಂದರು.